ಅಜ್ಜಿಗೆಂದು ಬೇರೆ ತಟ್ಟೆ

ಕನಕಪುರ ರಸ್ತೆಯ ನಡುವೆ ಮೆಟ್ರೊ ಕಂಬಗಳು ಎದ್ದು, ಅವುಗಳ ಮೇಲೆ ಇನ್ನೂ ಏನೂ ಇಲ್ಲದೆ ಬರಿದೇ ನಿಂತಿದ್ದ ಕಾಲ. ಯಡಿಯೂರು ಕೆರೆಯ ಹಿಂದಿನ ನಮ್ಮ ರಸ್ತೆಯಲ್ಲಿ ಬೇಸಿಗೆ ರಜೆ ಎಂದರೆ ಬೆಳಿಗ್ಗೆ ಶಟಲ್, ಮಧ್ಯಾಹ್ನ ಕೇರಂ, ಸಂಜೆ ಕರೆಂಟು ಹೋದರೆ ಕಣ್ಣಾಮುಚ್ಚಾಲೆ. ಆಗ ಮಕ್ಕಳಾಗಿದ್ದ ಯಾರನ್ನು ಕೇಳಿದರೂ ಆ ರಜೆಗಳ ವಾಸನೆ ಮಾವಿನಹಣ್ಣಿನದು ಎನ್ನುತ್ತಾರೆ. ನನ್ನ ಐದನೇ ಕ್ಲಾಸಿನ ರಜೆಯ ವಾಸನೆ ಮಾತ್ರ ಬೆಣ್ಣೆಯಲ್ಲಿ ಕಾದ ಬೆಳ್ಳುಳ್ಳಿಯದು.

ಅಪ್ಪನ ಆಫೀಸಿನವರೊಬ್ಬರು ಪುಣೆಗೆ ವರ್ಗವಾಗಿ ಮನೆ ಖಾಲಿ ಮಾಡುವಾಗ, ಲಾರಿಯಲ್ಲಿ ಜಾಗ ಸಾಲದೆ ಒಂದು ಬ್ರೆಡ್ ಮಷೀನನ್ನು ನಮಗೆ ದಾಟಿಸಿ ಹೋದರು. ನೋಡಲು ಪುಟ್ಟ ವಾಷಿಂಗ್ ಮಷೀನಿನ ಹಾಗಿತ್ತು. ಮುಚ್ಚಳದಲ್ಲಿ ಅಂಗೈಯಗಲದ ಗಾಜು, ಒಳಗಿನ ಪಾತ್ರೆಯ ತಳದಲ್ಲಿ ಹಿಟ್ಟು ನಾದುವ ಒಂದು ರೆಕ್ಕೆ. ಮೊದಲು ನೀರು, ಎಣ್ಣೆ, ಉಪ್ಪು, ಸಕ್ಕರೆ ಹಾಕಬೇಕು. ಅದರ ಮೇಲೆ ಮೈದಾ ಸುರಿದು, ನಡುವೆ ಬೆರಳಿನಿಂದ ಗುಳಿ ಮಾಡಿ ಯೀಸ್ಟ್ ಇಡಬೇಕು. ಗುಳಿ ಮಾಡುವ ಕೆಲಸ ನನ್ನದು. ಆಮೇಲೆ ಗಾಜಿಗೆ ಮೂಗು ಒತ್ತಿಕೊಂಡು, ಹಿಟ್ಟು ಗುಡುಗುಡು ತಿರುಗಿ ಉಂಡೆಯಾಗುವುದನ್ನು ನೋಡುತ್ತ ನಿಲ್ಲುತ್ತಿದ್ದೆ.

ಅಮ್ಮ ಮಾಡಿದ ಮೊದಲ ಬ್ರೆಡ್ ನಡುವೆ ಕುಸಿದು ಇಟ್ಟಿಗೆಯಾಯಿತು. ಎರಡನೆಯದೂ ಹಾಗೇ ಆಯಿತು. ಆದರೆ ಮಷೀನು ಹಿಟ್ಟನ್ನು ಮಾತ್ರ ಚೆನ್ನಾಗಿ ನಾದಿ ಉಬ್ಬಿಸುತ್ತದೆ ಎಂದು ಅವಳು ಕಂಡುಕೊಂಡಳು. ಅದನ್ನು ಹೊರಗೆ ತೆಗೆದು, ನಾವಿಬ್ಬರೂ ಚಪಾತಿ ಮಣೆಯ ಮೇಲೆ ಕೋಡುಬಳೆಗೆ ಹೊಸೆದ ಹಾಗೆ ಉದ್ದಕ್ಕೆ ಹೊಸೆದು, ಒಟಿಜಿ ಎಂಬ ಪುಟ್ಟ ಕರೆಂಟ್ ಒಲೆಯಲ್ಲಿ ಬೇಯಿಸಿದೆವು. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯಿಂದ ಅಮ್ಮ ಒಂದು ಗಾಜಿನ ಬಾಟಲಿ ತಂದಿದ್ದಳು, ಅದರಲ್ಲಿ ಪಿಜ್ಜಾಕ್ಕೆ ಹಾಕುವಂಥ ವಿದೇಶಿ ಸೊಪ್ಪುಗಳ ಒಣಪುಡಿ. ಅದು ಹಿಟ್ಟಿಗೆ ಹೋಗುತ್ತಿತ್ತು. ಬೆಳ್ಳುಳ್ಳಿ ಜಜ್ಜಿ ಕಾಯಿಸಿದ ಬೆಣ್ಣೆಯನ್ನು ಮೇಲೆ ಸವರುತ್ತಿದ್ದೆವು. ಬ್ಯಾಂಕಿನಿಂದ ಅರ್ಧ ದಿನಕ್ಕೇ ಬರುತ್ತಿದ್ದ ಅಮ್ಮನ ಶನಿವಾರಗಳೆಲ್ಲ ಇದಕ್ಕೇ ಮೀಸಲಾದವು. ರಸ್ತೆಯ ಮಕ್ಕಳು ವಾಸನೆ ಹಿಡಿದು ಗೇಟಿನ ಬಳಿ ಬಂದು ನಿಲ್ಲುತ್ತಿದ್ದರು. ಬ್ರೆಡ್ ಸ್ಟಿಕ್ಸ್ ಎಂದು ನಾವು ಕರೆದದ್ದು ಮೊದಲ ವಾರ ಮಾತ್ರ. ಅಜ್ಜಿ ಅದನ್ನು ಕಡ್ಡಿ ಎಂದಳು, ಅದೇ ಹೆಸರು ನಿಂತಿತು.

ಅಜ್ಜಿ, ಅಪ್ಪನ ತಾಯಿ, ಬೆಳ್ಳುಳ್ಳಿ ತಿನ್ನುತ್ತಿರಲಿಲ್ಲ. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರಬೇಕು, ಮತ್ತೆ ಬದುಕಿರುವವರೆಗೆ ಅದನ್ನು ಬಾಯಿಗಿಡಬಾರದು ಎಂಬ ರೂಢಿ ಇದೆಯಲ್ಲ, ಅದರಂತೆ ಬಿಟ್ಟಿದ್ದಳು. ಕಾಶಿಗೆ ಹೋಗಬೇಕೆಂದು ಆಸೆಪಟ್ಟಿದ್ದವರು ಅಜ್ಜ. ಅವರು ಹೋಗಲಾಗದೆಯೇ ತೀರಿಕೊಂಡ ಮೇಲೆ ಅಜ್ಜಿ ಅವರ ಹೆಸರಿನಲ್ಲಿ ಹೋದಳು. ಜೊತೆಗೆ ಕೆಳಗಿನ ಮನೆಯ ಕಮಲಮ್ಮನೂ ಹೋಗಿದ್ದರು. ಅಜ್ಜಿಗೆ ಬೆಳ್ಳುಳ್ಳಿ ಚಟ್ನಿಪುಡಿಯಿಲ್ಲದೆ ಊಟ ಇಳಿಯುತ್ತಿರಲಿಲ್ಲವಂತೆ, ಅದನ್ನೇ ಬಿಟ್ಟಳು. ಕಮಲಮ್ಮ ಬಿಟ್ಟದ್ದು ಹಾಗಲಕಾಯಿ.

ಈ ವಿಷಯವಾಗಿ ಇಬ್ಬರ ನಡುವೆ ಜಗಳದಂಥ ತಮಾಷೆಯೊಂದು ವರ್ಷವಿಡೀ ನಡೆಯುತ್ತಿತ್ತು. ನಾನು ಕಡ್ಡಿಯ ತಟ್ಟೆ ಹಿಡಿದು ಕೆಳಗಿನ ಜಗಲಿಗೆ ಹೋದ ದಿನವೂ ನಡೆಯಿತು.

“ತಿನ್ನು ಬಾ ಗೌರಮ್ಮ,” ಎಂದರು ಕಮಲಮ್ಮ, ಬೆಣ್ಣೆ ಇಳಿಯುತ್ತಿದ್ದ ಕಡ್ಡಿಯನ್ನು ಅಜ್ಜಿಯ ಮೂಗಿನ ಮುಂದೆ ಆಡಿಸುತ್ತ. “ನನ್ ಥರ ಹಾಗಲಕಾಯಿ ಬಿಟ್ಟಿದ್ರೆ ಈ ಸಂಕಟ ಇರ್ತಿತ್ತಾ? ಇಬ್ರಿಗೂ ಪುಣ್ಯ ಒಂದೇ.”

“ನಿಂದು ಬಿಟ್ಟಿದ್ದಲ್ಲ ಕಮಲ, ತಪ್ಪಿಸ್ಕೊಂಡಿದ್ದು.”

ಕಮಲಮ್ಮ ನಕ್ಕು ಇನ್ನೊಂದು ತೆಗೆದುಕೊಂಡರು. ಅಜ್ಜಿಯೂ ನಕ್ಕಳು. ಆದರೆ ಅವಳ ಕಣ್ಣು ತಟ್ಟೆಯ ಮೇಲೇ ಇದ್ದುದನ್ನು ನಾನು ಮೇಲೆ ಬಂದು ಅಮ್ಮನಿಗೆ ಹೇಳಿದೆ.

ಮುಂದಿನ ಶನಿವಾರದಿಂದ ಅಮ್ಮ ಅಜ್ಜಿಗೆಂದು ಬೇರೆ ತಟ್ಟೆ ಮಾಡಿದಳು. ಹಿಟ್ಟು ಒಂದೇ. ಅದರಿಂದ ಕೆಲವು ಕಡ್ಡಿಗಳನ್ನು ಮೊದಲೇ ತೆಗೆದಿಟ್ಟು, ಬೇರೆ ಬ್ರಷ್ಷಿನಿಂದ ಬರೀ ಬೆಣ್ಣೆ ಸವರಿ, ನಮ್ಮವು ಒಟಿಜಿಗೆ ಹೋಗುವ ಮೊದಲೇ ಬೇಯಿಸುತ್ತಿದ್ದಳು. ಬ್ರಷ್ಷಿನ ಹಿಡಿಗೆ ಕೆಂಪು ದಾರ ಕಟ್ಟಿದ್ದಳು, ನಾನು ಅದಲುಬದಲು ಮಾಡದಿರಲಿ ಎಂದು. ಅಷ್ಟು ಜಾಗ್ರತೆ ವಹಿಸಿದ್ದಳು ಎಂಬುದನ್ನು ಇಲ್ಲಿ ದಾಖಲಿಸಬೇಕು.

ಅಜ್ಜಿ ಮೊದಲ ಕಡ್ಡಿಯನ್ನು ಅನುಮಾನದಿಂದಲೇ ಕಚ್ಚಿದಳು. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಆಮೇಲೆ ಇನ್ನೊಂದು ಕೇಳಿದಳು. ಅಜ್ಜ ಹೋದ ಮೇಲೆ ಅವಳು ಏನನ್ನಾದರೂ ಎರಡನೆಯ ಸಲ ಕೇಳಿದ್ದನ್ನು ನಾನು ನೋಡಿರಲಿಲ್ಲ. ಅದೆಂಥದೋ ಸೊಪ್ಪು ಚೆನ್ನಾಗಿದೆ, ಬಾಯಿಗೆ ಜೀವ ಬಂತು ಎಂದಳಂತೆ ಕಮಲಮ್ಮನ ಹತ್ತಿರ. ಅಲ್ಲಿಂದ ಮುಂದೆ ಶನಿವಾರ ಅಮ್ಮನ ಸ್ಕೂಟರಿನ ಸದ್ದಿಗೆ ಮೊದಲು ಎದ್ದು ಬರುತ್ತಿದ್ದವಳು ಅಜ್ಜಿ. ಕರೆಂಟು ಹೋಗಿ ಮಷೀನು ಅರ್ಧಕ್ಕೆ ನಿಂತ ದಿನ, ಬಳೆ ಹಿಂದಕ್ಕೆ ಸರಿಸಿ, ತಾನೇ ಹಿಟ್ಟು ನಾದಿ ಮುಗಿಸಿದಳು. ಅತ್ತೆ ಸೊಸೆ ಒಂದೇ ಮಣೆಯ ಎರಡು ಕಡೆ ಕೂತು ಕಡ್ಡಿ ಹೊಸೆಯುತ್ತ ಯಾರದೋ ಮದುವೆಯ ಮಾತಾಡುತ್ತಿದ್ದರು. ಆ ರಜೆಯಲ್ಲಿ ಮನೆ ಅಷ್ಟು ಚೆನ್ನಾಗಿತ್ತು.

ಬಾಟಲಿಯಲ್ಲಿ ಏನಿದೆ ಎಂದು ಗೊತ್ತಾದದ್ದು ಅಪ್ಪನಿಂದ. ಒಂದು ಸಂಜೆ ಅವರು ಸೌತೆಕಾಯಿ ಹೆಚ್ಚಿಕೊಂಡು, ಮೆಣಸಿನಪುಡಿ ಸಿಗದೆ, ಆ ಸೊಪ್ಪಿನ ಪುಡಿಯನ್ನೇ ಉದುರಿಸಿಕೊಂಡರು. ಒಂದು ಹೋಳು ತಿಂದು ಅಮ್ಮನನ್ನು ಕರೆದರು. ಅಂಗೈಗೆ ಸ್ವಲ್ಪ ಪುಡಿ ಸುರಿದು ದೀಪದ ಕೆಳಗೆ ಹಿಡಿದರು. ಹಸಿರು ಚೂರುಗಳ ನಡುವೆ ರವೆಯಂಥ ಬಿಳಿ ಹರಳುಗಳಿದ್ದವು. ಅಮ್ಮ ಒಂದು ಹರಳನ್ನು ನಾಲಿಗೆಗಿಟ್ಟುಕೊಂಡಳು, ನಾನೂ ಇಟ್ಟುಕೊಂಡೆ. ಒಣಗಿಸಿ ಪುಡಿ ಮಾಡಿದ ಬೆಳ್ಳುಳ್ಳಿ.

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ಅಜ್ಜಿ ಆಗ ಕೆಳಗೆ ಕಮಲಮ್ಮನ ಮನೆಯಲ್ಲಿದ್ದಳು. ಅವಳು ಮೇಲೆ ಬರುವುದರೊಳಗೆ ತೀರ್ಮಾನವಾಗಬೇಕಿತ್ತು.

ಅಮ್ಮನಿಗೆ ಕೂಡಲೇ ಹೇಳಿಬಿಡುವ ಮನಸ್ಸು. ತಪ್ಪು ತನ್ನದು, ಕಾಲು ಮುಟ್ಟಿ ಹೇಳುತ್ತೇನೆ ಎಂದಳು. ಅಪ್ಪ ಬೇಡವೆಂದರು. ಗೊತ್ತಿಲ್ಲದೆ ತಿಂದದ್ದಕ್ಕೆ ದೋಷವಿಲ್ಲ, ಗೊತ್ತುಮಾಡಿದರೆ ದೋಷ ಎಂಬುದು ಅವರ ವಾದ.

“ಹೇಳಿದ್ರೆ ಅವ್ವ ಏನ್ ಮಾಡ್ತಾಳೆ ಗೊತ್ತಾ ಶೈಲ? ಇನ್ನೊಂದ್ ಸಲ ಕಾಶಿಗೆ ಹೊರಡ್ತಾಳೆ. ಆ ಮಂಡಿ ಇಟ್ಕೊಂಡು. ಇಲ್ಲಾಂದ್ರೆ ಊಟ ಬಿಟ್ಟು ಕೂತ್ಕೋತಾಳೆ. ಅಪ್ಪನ ಹೆಸರಲ್ಲಿ ಬಿಟ್ಟಿದ್ದನ್ನ ನಾನೇ ತಿಂದ್ನಲ್ಲಾ ಅಂತ.”

“ಹೇಳ್ದಿದ್ರೆ?”

“ಹೇಳ್ದಿದ್ರೆ ಏನೂ ಇಲ್ಲ. ಪುಡಿ ಬದಲಾಯ್ಸು, ಮುಗೀತು.”

ಇಬ್ಬರೂ ನನ್ನ ಕಡೆ ನೋಡಿದರು. ಅಜ್ಜಿಗೆ ಏನೂ ಹೇಳಬಾರದು ಎಂದು ಅಪ್ಪ ಮೆಲ್ಲಗೆ ಹೇಳಿದರು. ನಾನು ತಲೆಯಾಡಿಸಿದೆ. ದೊಡ್ಡವರ ಗುಟ್ಟಿನಲ್ಲಿ ಪಾಲು ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದ್ದೂ ನೆನಪಿದೆ.

ಅಮ್ಮ ಬಾಟಲಿಯನ್ನು ಕಸಕ್ಕೆ ಹಾಕಿ, ಒರೆಗಾನೊ ಸೊಪ್ಪಿನದೇ ಬೇರೆ ಪ್ಯಾಕೆಟ್ ತಂದಳು. ಈ ಸಲ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ, ಬೆರಳಿನಿಂದ ಕೆದಕಿ ನೋಡಿದಳು. ಶನಿವಾರ ಕಡ್ಡಿಗಳಾದವು. ಅಜ್ಜಿಯ ತಟ್ಟೆ ಎಂದಿನಂತೆ ಮೊದಲು ಹೊರಬಂತು.

ಅಜ್ಜಿ ಕಚ್ಚಿದಳು. ನಿಧಾನವಾಗಿ ಅಗಿದಳು. ಕಡ್ಡಿಯನ್ನು ತಿರುಗಿಸಿ ನೋಡಿದಳು.

“ಸೊಪ್ಪು ಬದಲಾಯ್ಸಿದ್ಯೇನಮ್ಮಾ?”

“ಇಲ್ಲ ಅತ್ತೆ,” ಎಂದಳು ಅಮ್ಮ, ಒಟಿಜಿಯ ಕಡೆಗೆ ತಿರುಗಿಕೊಂಡು. “ಎಲ್ಲಾ ಅದೇ.”

ಅಜ್ಜಿ ಇನ್ನೊಂದು ತುಂಡು ಬಾಯಿಗಿಟ್ಟುಕೊಂಡಳು. ಆಮೇಲೆ ನನ್ನನ್ನು ಕೇಳಿದಳು. “ನಿಂಗೆ ಹೇಗಿದೆ ಪುಟ್ಟಿ?”

“ಚೆನ್ನಾಗಿದೆ ಅಜ್ಜಿ.”

ಅದು ಸುಳ್ಳಲ್ಲ. ನಾನು ತಿನ್ನುತ್ತಿದ್ದುದು ನಮ್ಮ ತಟ್ಟೆಯದು, ಅದರ ಮೇಲೆ ಬೆಳ್ಳುಳ್ಳಿ ಬೆಣ್ಣೆ ಇತ್ತು. ಪ್ರತಿಯೊಂದು ಪದವೂ ನಿಜವಾಗಿದ್ದು ಒಟ್ಟು ವಾಕ್ಯ ಮೋಸವಾಗಬಹುದು ಎಂಬುದನ್ನು ಮುಂದೆ ಪತ್ರಿಕೆಯ ಕೆಲಸದಲ್ಲಿ ಎಷ್ಟೋ ಸಲ ನೋಡಿದ್ದೇನೆ. ನೋಡಿದಾಗಲೆಲ್ಲ ಆ ಅಡುಗೆಮನೆ ಕಣ್ಣಿಗೆ ಬರುತ್ತದೆ.

“ಹಾಗಾದ್ರೆ ನನ್ ನಾಲಿಗೆನೇ ಕೆಟ್ಟಿರ್ಬೇಕು,” ಎಂದಳು ಅಜ್ಜಿ. ಕೈಯಲ್ಲಿದ್ದುದನ್ನು ವ್ಯರ್ಥ ಮಾಡದೆ ತಿಂದು ಮುಗಿಸಿ, ಎದ್ದು ಹೋದಳು.

ಅದು ಅಲ್ಲಿಗೇ ಮುಗಿಯುತ್ತದೆ ಎಂದು ಅಪ್ಪ ಅಂದುಕೊಂಡಿದ್ದರು. ಮುಗಿಯಲಿಲ್ಲ. ನಮ್ಮ ಮನೆಯಲ್ಲಿ ಉಪ್ಪು ಹುಳಿಯ ಕಡೆಯ ಮಾತು ಅಜ್ಜಿಯದಾಗಿತ್ತು. ಸಾರಿನ ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಬೇಕು ಅಥವಾ ಸಾಕು ಎನ್ನುತ್ತಿದ್ದಳು. ಅದಕ್ಕೆ ಮೇಲ್ಮನವಿ ಇರಲಿಲ್ಲ. ಆ ಶನಿವಾರದ ನಂತರ ಅವಳು ಅಂಗೈ ನೆಕ್ಕಿ ಸುಮ್ಮನೆ ನಿಲ್ಲತೊಡಗಿದಳು. ಇನ್ನೊಂದು ಹನಿ ಬಿಟ್ಟುಕೊಳ್ಳುತ್ತಿದ್ದಳು. ಯಾರೂ ಇಲ್ಲದಾಗ ಬೆಲ್ಲದ ಚೂರು, ಹುಣಸೆಹಣ್ಣು, ಉಪ್ಪಿನ ಹರಳು ಒಂದೊಂದಾಗಿ ಬಾಯಿಗೆ ಹಾಕಿಕೊಂಡು ಪರೀಕ್ಷೆ ಮಾಡುತ್ತಿದ್ದುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಕೊನೆಗೆ ತಾನೇ ಹೇಳಿ ಡಾಕ್ಟರ ಹತ್ತಿರ ಹೋದಳು. ವಯಸ್ಸಾದ ಮೇಲೆ ಕೆಲವರಿಗೆ ಹಾಗಾಗುತ್ತದೆ ಎಂದು ಅವರು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ; ಅವರಿಗೆ ಯಾರೂ ಪೂರ್ತಿ ಕಥೆ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಅಮ್ಮನೇ ಆ ಮಾತ್ರೆಯನ್ನೂ ನೀರಿನ ಲೋಟವನ್ನೂ ಅಜ್ಜಿಯ ಮುಂದೆ ಇಡುತ್ತಿದ್ದಳು. ಇಟ್ಟು, ಅಜ್ಜಿ ನುಂಗುವವರೆಗೆ ನಿಲ್ಲದೆ ಒಳಗೆ ಹೋಗುತ್ತಿದ್ದಳು.

ಶಾಲೆ ಶುರುವಾಗುವ ಮುನ್ನ ಉಪ್ಪಿನಕಾಯಿಯ ಕೆಲಸ ಬಂತು. ನಮ್ಮ ಮನೆಯದಕ್ಕೂ ಕಮಲಮ್ಮನ ಮನೆಯದಕ್ಕೂ ಉಪ್ಪು ಹಾಕುತ್ತಿದ್ದವಳು ಅಜ್ಜಿ, ಅಳತೆಯಿಲ್ಲದೆ, ಬರೀ ಕೈಯಿಂದ. ಮಾವಿನಕಾಯಿ ಹೋಳುಗಳು ಒಣಬಟ್ಟೆಯ ಮೇಲೆ ಹರಡಿದ್ದವು, ಸಾಸಿವೆ ಪುಡಿಯ ಘಾಟು ಮನೆಯೆಲ್ಲ ತುಂಬಿತ್ತು. ಅಜ್ಜಿ ಉಪ್ಪಿನ ಡಬ್ಬವನ್ನು ಅಮ್ಮನ ಕಡೆ ತಳ್ಳಿದಳು.

“ನೀನೇ ಹಾಕಮ್ಮ. ನನ್ನ ನಂಬ್ಕೊಂಡ್ರೆ ಎರಡು ಮನೆ ಉಪ್ಪಿನಕಾಯಿ ಹಾಳಾಗುತ್ತೆ.”

ಅಮ್ಮನ ಕಣ್ಣು ತುಂಬಿತು. ಸಾಸಿವೆಯ ಘಾಟು ಎಂದು ಸೆರಗಿನಿಂದ ಒರೆಸಿಕೊಂಡಳು. “ಅತ್ತೆ, ನಿಮ್ ನಾಲಿಗೆಗೆ ಏನೂ ಆಗಿಲ್ಲ. ನಿಜವಾಗ್ಲೂ ಹೇಳ್ತಿದ್ದೀನಿ. ಚೆನ್ನಾಗೇ ಇದೆ.”

ಅಜ್ಜಿ ಅವಳ ಕೆನ್ನೆ ತಟ್ಟಿದಳು. “ಸಮಾಧಾನಕ್ಕೆ ಹೇಳ್ತೀಯ. ಹೇಳು ಪರ್ವಾಗಿಲ್ಲ.”

ಉಪ್ಪು ಅಮ್ಮನೇ ಹಾಕಿದಳು. ಕೈ ಹಿಡಿದು ಹಿಡಿದು ಹಾಕಿದ್ದರಿಂದ ಸಾಲದೆ ಬಂತು. ಶ್ರಾವಣದ ಹೊತ್ತಿಗೆ ಎರಡೂ ಜಾಡಿಗಳು ಬೂಷ್ಟು ಹಿಡಿದಿದ್ದವು. ಕಮಲಮ್ಮ ಜಾಡಿ ತೊಳೆದಿಟ್ಟರು. ಬ್ರೆಡ್ ಮಷೀನು ಅದಕ್ಕೂ ಮೊದಲೇ ಅಟ್ಟ ಸೇರಿತ್ತು. ನಾನು ಕಡ್ಡಿ ಬೇಕೆಂದು ಕೇಳಿದ ಒಂದೆರಡು ಸಲ ಅಮ್ಮ ಮೈದಾ ಇಲ್ಲ ಎಂದಳು. ಮೈದಾ ಇತ್ತು.

ಇದನ್ನು ಕೇಳಿದ ಗೆಳೆಯರು, ನಿಮ್ಮಜ್ಜಿಗೆ ಮೊದಲಿನಿಂದ ಗೊತ್ತಿರುತ್ತೆ ಬಿಡು ಎನ್ನುತ್ತಾರೆ. ಹಾಗೆ ನಂಬಿದರೆ ನಮಗೆ ಹಗುರ. ಆದರೆ ಅದಕ್ಕೆ ಆಧಾರವಾಗುವ ಒಂದು ಮಾತನ್ನೂ ಒಂದು ನೋಟವನ್ನೂ ನಾನು ಕಂಡಿಲ್ಲ. ಕಂಡದ್ದು ಬೇರೆ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ ಅಮ್ಮ ಹುಳಿಗೆ ಉಪ್ಪು ಹಾಕುವುದನ್ನೇ ಮರೆತಳು. ಅಜ್ಜಿಗೆ ಮೊದಲು ಬಡಿಸಿ ನಾವು ಆಮೇಲೆ ಕೂರುವುದು ಪದ್ಧತಿ. ಅಜ್ಜಿ ಎರಡು ಸಲ ಹುಳಿಯನ್ನ ಹಾಕಿಸಿಕೊಂಡು, ಚೆನ್ನಾಗಿದೆ ಎಂದು ಹೇಳಿ ಕೈ ತೊಳೆದಳು. ನಾವು ಮೊದಲ ತುತ್ತಿಗೇ ನಿಲ್ಲಿಸಿದೆವು.

ಅಮ್ಮ ಎಂಜಲು ಕೈಯಲ್ಲೇ ಎದ್ದು ಅಜ್ಜಿಯ ಬಳಿ ಹೋದಳು. “ಉಪ್ಪೇ ಇರ್ಲಿಲ್ಲವಲ್ಲ ಅತ್ತೆ, ಹೇಳ್ಬಾರ್ದಾ?”

“ಅನ್ನಿಸ್ತು ಕಣಮ್ಮ,” ಎಂದಳು ಅಜ್ಜಿ, ಯಾವುದೇ ದೂರಿಲ್ಲದೆ. “ನಂಗೇ ಗೊತ್ತಾಗ್ತಿಲ್ವೇನೋ ಅಂದ್ಕೊಂಡೆ.”

ಅಮ್ಮ ಬಾಯಿ ತೆರೆದಳು. ಅಪ್ಪ ಊಟದ ಮೇಜಿನಿಂದ ಅವಳನ್ನೇ ನೋಡುತ್ತಿದ್ದರು. ಅವಳು ಕೈ ತೊಳೆಯಲು ಹೋದಳು.

ಅಜ್ಜಿ ಹೋದದ್ದು ನಾನು ಕಾಲೇಜು ಸೇರಿದ ವರ್ಷ. ಅವಳಿಗೆ ತಿಳಿದ ಮಟ್ಟಿಗೆ, ಕಾಶಿಯಲ್ಲಿ ಬಿಟ್ಟದ್ದನ್ನು ಅವಳು ಕಡೆಯವರೆಗೂ ಮುಟ್ಟಲಿಲ್ಲ. ಅಷ್ಟನ್ನು ಕಾಪಾಡಿದೆವಲ್ಲ ಎಂದು ಅಪ್ಪ ಒಮ್ಮೊಮ್ಮೆ ಹೇಳುತ್ತಾರೆ. ಆಗ ಅಮ್ಮ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ. ಕಮಲಮ್ಮನ ಮನೆ ಇದ್ದ ಜಾಗದಲ್ಲಿ ಈಗ ಪಾರ್ಕಿಂಗ್. ಉಪ್ಪಿನಕಾಯಿ ಅಂಗಡಿಯಿಂದ ಬರುತ್ತದೆ. ಮನೆಗೆ ಬಂದವರೆಲ್ಲ ಅಮ್ಮನ ಅಡುಗೆ ಚೆನ್ನಾಗಿದೆ ಎನ್ನುತ್ತಾರೆ. ಚೆನ್ನಾಗಿಲ್ಲದ ದಿನ ಹೇಳುವವರು ಯಾರೂ ಉಳಿದಿಲ್ಲ.