ಬೇರೆಯವಳ ಹೆಸರಿನಲ್ಲಿ ಹೆತ್ತವರು

ಕಳೆದ ವಾರ ಹಳೆಯ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನರಸಿಂಹರಾಜಪುರದ ನಮ್ಮ ಹೊಲಿಗೆ ಟೀಚರ್ ಎದುರಿಗೆ ಬಂದು ನಿಂತಂತಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು... ಹದಿನೆಂಟರ ವಯಸ್ಸಿನಲ್ಲಿ ನಾನು ಅವರ ಹತ್ತಿರ ಕಲಿತೆ. ಕಾಜಾ ಸೊಟ್ಟಗಾದರೆ ಬಿಚ್ಚಿಸುತ್ತಿದ್ದರು, ಬೈಯುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮಗಿರಲಿಲ್ಲ, ಹಿಂದಿನಿಂದ ನಗುವ ಧೈರ್ಯ ಮಾತ್ರ ಧಾರಾಳವಾಗಿತ್ತು.

ಕೆಲವು ವರ್ಷಗಳ ಮೇಲೆ ನನಗೆ ಕೊಪ್ಪದಲ್ಲಿ ಜನನ ಮರಣದ ದಾಖಲೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕುರ್ಚಿ ಸಿಕ್ಕಿದ ಮೇಲೆ ಕೇಳಬೇಕೇ, ಗತ್ತೋ ಗತ್ತು! ಒಂದು ಮಧ್ಯಾಹ್ನ ಟೀಚರ್ ಬಂದರು. ಎಲ್ಲರೂ ಊಟಕ್ಕೆ ಎದ್ದು ಹೋಗುವ ತನಕ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ವಿಷಯ ಹೇಳಿದರು.

ಹತ್ತೊಂಬತ್ತನೇ ವಯಸ್ಸಿನಲ್ಲಿ, ಮದುವೆಯಿಲ್ಲದೆ, ಅವರಿಗೊಂದು ಹೆಣ್ಣು ಮಗು ಹುಟ್ಟಿತ್ತು. ಮನೆಯವರು ಮಕ್ಕಳಿಲ್ಲದ ದಂಪತಿಗೆ ಮೊದಲೇ ಮಾತು ಕೊಟ್ಟು, ಆ ಹೆಂಗಸಿನ ಹೆಸರು ಹೇಳಿಯೇ ಇವರನ್ನು ಕೊಪ್ಪದ ಆಸ್ಪತ್ರೆಗೆ ಸೇರಿಸಿದ್ದರು.

"ನರ್ಸು ಆ ಹೆಸರು ಕೂಗಿದ್ರೆ ನಾನು ಓ ಅನ್ಬೇಕಿತ್ತು ಮಾರಾಯ್ತಿ. ನಾಲ್ಕು ದಿನ ಓ ಅಂದೆ. ಐದನೇ ದಿನ ಕೂಸೂ ಇಲ್ಲ, ಆ ಹೆಸರೂ ಇಲ್ಲ."

ಹಾಗಾಗಿ ಅವರು ಹೆತ್ತಿದ್ದಾರೆ ಎನ್ನುವುದಕ್ಕೆ ಯಾವ ಕಾಗದದಲ್ಲೂ ಸಾಕ್ಷಿಯಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಇಷ್ಟೇ: "ಹುಡುಕ್ಕೊಂಡು ಹೋಗೂದಿಲ್ಲ, ದೇವರಾಣೆ. ಎಂತ ಹೆಸರಿಟ್ರು, ಅಷ್ಟು ಹೇಳು ಸಾಕು. ಹೆಸರಿಲ್ದೆ ಹೆಂಗೆ ನೆನೆಸ್ಕೊಳ್ಳೂದು?"

ಆಸ್ಪತ್ರೆಯಲ್ಲಿ ಕೂಗುತ್ತಿದ್ದ ಹೆಸರು, ಮಗು ಹುಟ್ಟಿದ ದಿನ ಎರಡನ್ನೂ ಚೀಟಿಯಲ್ಲಿ ಬರೆದು ತಂದಿದ್ದರು. ಪುಸ್ತಕ ತೆಗೆದೆ. ಸಿಕ್ಕಿತು. ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಶೃಂಗೇರಿಯ ವಿಳಾಸ... ಅದು ನನ್ನ ಚಿಕ್ಕಮ್ಮ! ಎಷ್ಟೋ ವರ್ಷ ಮಕ್ಕಳಿಲ್ಲದೆ, ಕೊನೆಗೂ ದೇವರು ಕಣ್ಣು ಬಿಟ್ಟ ಎಂದು ನಾವೆಲ್ಲ ನಾಮಕರಣದ ಹೋಳಿಗೆ ಉಂಡು ಬಂದಿದ್ದೆವು. ಅಕ್ಕಾ ಅಕ್ಕಾ ಎಂದು ನನ್ನ ಬೆನ್ನು ಬಿಡದೆ ಬೆಳೆದ ಆ ತಂಗಿಯೇ ಟೀಚರ್ ಮಗಳು.

"ಈ ಹಾಳೆಗೆ ಗೆದ್ದಲು ಹಿಡಿದು ಹೋಗಿದೆ ಟೀಚರ್. ಎಂತದೂ ಕಾಣ್ತಿಲ್ಲ," ಅಂದೆ.

ಪುಸ್ತಕವನ್ನು ಅವರಿಗೆ ಕಾಣದಂತೆ ನನ್ನ ಕಡೆಗೆ ಓರೆ ಹಿಡಿದಿದ್ದೆ. ಚಿಕ್ಕಮ್ಮನ ಮರ್ಯಾದೆಗೆ ಹೆದರಿ ಹಾಗೆ ಮಾಡಿದೆ ಎಂದು ಎಷ್ಟೋ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಮದುವೆಯಿಲ್ಲದೆ ಹೆತ್ತವರ ನಂಟು ನಮ್ಮ ಮನೆಗೆ ಅಂಟುವುದು ನನಗೆ ಬೇಡವಾಗಿತ್ತು. ಎರಡೇ ಅಕ್ಷರದ ಹೆಸರು ಅದು. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ, ಅಷ್ಟನ್ನೂ ಹೇಳಲಿಲ್ಲ.

ಅವರು ಅಳಲಿಲ್ಲ. "ನಿಂಗೆ ಸುಮ್ನೆ ತೊಂದ್ರೆ ಕೊಟ್ಟೆ," ಅಂದರು. ಹೊರಡುವ ಮೊದಲು ನನ್ನ ರವಿಕೆಯ ತೋಳು ಮುಟ್ಟಿ, "ಇಲ್ಲಿ ಹೊಲಿಗೆ ಬಿಟ್ಟಿದೆ, ಹಾಕ್ಕೋ," ಎಂದು ಹೇಳಿ ಬಸ್ಸಿಗೆ ನಡೆದರು.

ಮುಂದೆ ಕೆಲವೇ ವರ್ಷಕ್ಕೆ ತೀರಿಕೊಂಡರೆಂದು ಯಾರೋ ಹೇಳಿದರು. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ... ಮಗಳ ಹೆಸರು ತಿಳಿಯದೆಯೇ ಹೋದರು. ತಿಳಿಯದ ಹಾಗೆ ಮಾಡಿದವಳು ನಾನು.

ಮೊನ್ನೆ ತಂಗಿ ಬಂದಿದ್ದಳು. ಆಧಾರ್‌ನಲ್ಲಿ ಹುಟ್ಟಿದ ದಿನ ತಪ್ಪಾಗಿದೆಯಂತೆ, ತಿದ್ದಿಸಲು ಜನನ ಪ್ರಮಾಣಪತ್ರ ತೆಗೆಸಿಕೊಂಡು ಬಂದಿದ್ದಳು.

"ಅಕ್ಕಾ, ಇಡೀ ಜೀವಮಾನ ಇದೇ ಕೆಲಸ ಮಾಡಿದವಳು ನೀನು. ಎಲ್ಲ ಸರಿ ಇದ್ಯಾ ನೋಡು ಮಾರಾಯ್ತಿ."

ಕನ್ನಡಕ ಹಾಕಿಕೊಂಡು ಓದಿದೆ. ಅವಳ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು...

"ಎಲ್ಲ ಸರಿ ಇದೆ," ಅಂದೆ. ನೆಪ ಹೇಳಿಕೊಳ್ಳಲು ಈಗ ಚಿಕ್ಕಮ್ಮನೂ ಬದುಕಿಲ್ಲ.