ಶುಕ್ರವಾರದ ಕಚೇರಿ

ಮೊನ್ನೆ ಭದ್ರಾವತಿಯ ಓಲ್ಡ್ ಟೌನಿನ ಲಾಡ್ಜೊಂದಕ್ಕೆ ಹೋಗಿದ್ದೆ. ಕೌಂಟರಿನಲ್ಲಿ ಯಾರೂ ಇರಲಿಲ್ಲ. ಅಂಗೈಯಿಂದ ಒತ್ತುವ ಹಿತ್ತಾಳೆಯ ಗಂಟೆಯೊಂದಿತ್ತು. ಒತ್ತಿದೆ. ಆ ಒಂಟಿ ಸದ್ದಿಗೆ ಶಿವಮೊಗ್ಗದ ಕಾಲೇಜಿನ ಒಂದು ಕೋಣೆ, ಅದರ ಹಿಂದೆಯೇ ನಮ್ಮ ಮೇಷ್ಟ್ರು ನೆನಪಾದರು...

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಪದವಿಗೆ ಕಚೇರಿ ಆಡಳಿತ ಮತ್ತು ನಿರ್ವಹಣೆ ಓದುತ್ತಿದ್ದೆ. ಪತ್ರ ವ್ಯವಹಾರ, ಕಡತ ಜೋಡಣೆ, ಟೈಪಿಂಗ್ ಎಲ್ಲವನ್ನೂ ಕಲಿಸುತ್ತಿದ್ದವರು ಅವರೊಬ್ಬರೇ. ಶುಕ್ರವಾರ ಮಧ್ಯಾಹ್ನ ಅರ್ಧ ತರಗತಿ ಮೇಲಿನ ಮಹಡಿಗೆ ಟೈಪಿಂಗ್ ಅಭ್ಯಾಸಕ್ಕೆ ಹೋಗುತ್ತಿತ್ತು. ಉಳಿದವರಿಗಾಗಿ ಅವರು ತರಗತಿಯನ್ನೇ ಕಚೇರಿ ಮಾಡುತ್ತಿದ್ದರು. ಬಾಗಿಲಿಗೆ ‘ಕಚೇರಿ’ ಎಂಬ ಬೋರ್ಡು ತೂಗುತ್ತಿತ್ತು. ಮೇಜಿನ ಮೇಲೆ ಅಂಥದೇ ಒಂದು ಹಿತ್ತಾಳೆಯ ಗಂಟೆ. ಒಬ್ಬ ವ್ಯವಸ್ಥಾಪಕ, ಒಬ್ಬಳು ಸ್ವಾಗತಕಾರಿಣಿ, ಒಂದಿಬ್ಬರು ಗುಮಾಸ್ತರು. ಸಂದರ್ಶಕರ ಪಾತ್ರಕ್ಕೆ ಮಾತ್ರ ಹೊರಗಿನವರು. ಅವರನ್ನು ಆರಿಸಿ ಕಳಿಸುವುದು ಅಟೆಂಡರ್ ಕೆಲಸ. ಯಾರು ಬರುತ್ತಾರೆಂದು ಮೇಷ್ಟ್ರಿಗೂ ಗೊತ್ತಿರುತ್ತಿರಲಿಲ್ಲ. ಗೊತ್ತಿದ್ದರೆ ಅಂಕ ಕೊಡುವಾಗ ಪಕ್ಷಪಾತವಾಗುತ್ತದೆ ಎನ್ನುತ್ತಿದ್ದರು.

ಬಂದವರು ಏನೇ ಹೇಳಲಿ, ನಗುಮುಖದಿಂದ ಕೂರಿಸಬೇಕು. ಅವರ ಕೆಲಸವೇನೆಂದು ಕೆದಕಬಾರದು, ಅದು ವ್ಯವಸ್ಥಾಪಕರಿಗೆ ಬಿಟ್ಟ ವಿಷಯ. ಇದು ಮೇಷ್ಟ್ರ ನಿಯಮ. ಒಂದು ವಾರ ಬಂದಿದ್ದ ಆಟೋ ಡ್ರೈವರ್ ಮೇಜು ಗುದ್ದಿ ಕೂಗಾಡಿದ್ದ. ಹೊರಡುವಾಗ, “ಹೆಂಗಿತ್ತು ಸಾರ್ ನಮ್ ಪಾರ್ಟು?” ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ.

ಮುಂದಿನ ಶುಕ್ರವಾರ ಕಾರ್ಖಾನೆಯ ಖಾಕಿ ಬಟ್ಟೆಯಲ್ಲೇ ಒಬ್ಬರು ಒಳಗೆ ಬಂದರು. ಮುಖವೆಲ್ಲ ಬೆವರು.

“ಅರ್ಜೆಂಟು ಕಣಮ್ಮಾ. ನನ್ ಮಗಳನ್ನ ಕರ್ಕೊಂಡ್ ಹೋಗ್ಬೇಕು. ಅವ್ರಮ್ಮಂಗೆ...”

“ಅದನ್ನ ಸಾಹೇಬ್ರ ಹತ್ರ ಹೇಳಿ ಸರ್. ಮೀಟಿಂಗ್‌ನಲ್ಲಿದಾರೆ. ಕೂತ್ಕೊಳ್ಳಿ, ನೀರ್ ತರಿಸ್ತೀನಿ” ಎಂದಳು ಸ್ವಾಗತಕಾರಿಣಿ.

ಅವರು ಕುರ್ಚಿಯ ಅಂಚಿನಲ್ಲಿ ಕೂತರು. ಎದ್ದು ಬಂದು ಕೇಳಿದರು. ಅವಳು ಮತ್ತೆ ಅಷ್ಟೇ ಮೃದುವಾಗಿ ಕೂರಿಸಿದಳು. ನನ್ನ ಪಕ್ಕದವನು, “ಏನ್ ಆ್ಯಕ್ಟಿಂಗ್ ಮಾರಾಯ! ಕಣ್ಣಲ್ಲಿ ನೀರೇ ತರಿಸ್ಕೊಂಡ್ಬಿಟ್ಟ” ಎಂದು ಪಿಸುಗುಟ್ಟಿದ. ನಾನು ನಕ್ಕೆ. ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ತಲೆದೂಗುತ್ತ ಅಂಕ ಬರೆದುಕೊಂಡರು.

ಪೀರಿಯಡ್ ಮುಗಿಯುವ ಹೊತ್ತಿಗೆ ಅಟೆಂಡರ್ ಬಾಗಿಲಲ್ಲಿ ಇಣುಕಿದ. ಜೊತೆಗೆ ಕ್ಯಾಂಟೀನಿನವನಿದ್ದ. “ಸಾರಿ ಸಾರ್, ಲೇಟಾಯ್ತು. ಇವತ್ತಿನ ವಿಸಿಟರ್ ಇವ್ನೇ.”

ಮೇಷ್ಟ್ರು ಎದ್ದು ನಿಂತರು. ಕುರ್ಚಿಯಲ್ಲಿದ್ದವರ ಬಳಿ ಹೋಗಿ ಬಗ್ಗಿ ಏನೋ ಕೇಳಿದರು. ಮರುಕ್ಷಣ ಮೆಟ್ಟಿಲು ಹತ್ತಿ ಓಡಿದರು. ಅವರು ಓಡಿದ್ದನ್ನು ನಾವು ನೋಡಿದ್ದು ಅದೊಂದೇ ಸಲ. ಟೈಪಿಂಗ್‌ನಲ್ಲಿದ್ದ ನಮ್ಮ ಸಹಪಾಠಿಯ ತಂದೆ ಆತ. ಅವಳ ತಾಯಿ ಭದ್ರಾವತಿಯ ಆಸ್ಪತ್ರೆಯಲ್ಲಿ ಮಗಳನ್ನು ಕೇಳುತ್ತಿದ್ದರು. ಕಾಲೇಜಿಗೆ ಫೋನ್ ಮಾಡಿದರೆ ಯಾರೂ ಎತ್ತಿರಲಿಲ್ಲ. ಬಸ್ಸಿಗೆ ಬಂದ ತಂದೆ ಕಚೇರಿ ಹುಡುಕಿದ್ದರು. ಎದುರಿಗೆ ಸಿಕ್ಕ ಬೋರ್ಡು ನಮ್ಮದು.

ಅಪ್ಪ ಮಗಳು ಆಸ್ಪತ್ರೆ ತಲುಪುವುದಕ್ಕೆ ಸ್ವಲ್ಪ ಮುಂಚೆ ತಾಯಿ ತೀರಿಕೊಂಡಿದ್ದರು.

ಸ್ವಾಗತಕಾರಿಣಿಯಾಗಿದ್ದ ಹುಡುಗಿ ಅತ್ತಳು. ಅವಳಿಗೆ ಹಾಕಿದ ಅಂಕವನ್ನು ಮೇಷ್ಟ್ರು ಹೊಡೆದುಹಾಕಲಿಲ್ಲ. “ನೀನು ಕಲಿಸಿದ್ದನ್ನೇ ಮಾಡಿದೆ. ತಪ್ಪು ಕಲಿಸಿದವನದು” ಎಂದರು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ನಾವು ಕೆಲವರು ಮೇಷ್ಟ್ರೊಡನೆ ಭದ್ರಾವತಿಯ ಜನ್ನಾಪುರದಲ್ಲಿದ್ದ ಅವರ ಮನೆಗೆ ಹೋದೆವು. ಅದು ನಿಜದ ಕಚೇರಿಯಲ್ಲವೆಂದು ತಂದೆಗೆ ಹೇಳಿ ಕ್ಷಮೆ ಕೇಳಲೆಂದೇ ಅವರು ಹೊರಟಿದ್ದರು. ಅವರು ಬಾಯಿ ತೆರೆಯುವ ಮೊದಲೇ ಆ ತಂದೆ ಕೈಮುಗಿದರು.

“ನಿಮ್ ಆಫೀಸ್ನೋರು ದೊಡ್ಡೋರು ಸಾರ್. ಆ ಮಗು ಕುರ್ಚಿ ಕೊಡ್ತು, ನೀರ್ ಕೊಡ್ತು, ಸರ್ ಅಂತು. ನಮ್ಮಂಥೋರನ್ನ ಯಾವ್ ಆಫೀಸಲ್ಲೂ ಕೂರ್ಸಲ್ಲ. ನಮ್ಮನೆಯವ್ಳ ಆಯಸ್ಸು ಅಷ್ಟೇ ಇತ್ತು, ಬಿಡಿ.”

ಮೇಷ್ಟ್ರ ಕೈಯಲ್ಲಿದ್ದ ಕಾಫಿ ಹಾಗೇ ಆರಿತು.

ಮಗಳು ನಮ್ಮನ್ನು ಗೇಟಿನವರೆಗೆ ಬಿಡಲು ಬಂದಳು. ಅವಳಿಗೆ ಎಲ್ಲ ಗೊತ್ತಿತ್ತು. “ಅಪ್ಪಂಗೆ ಹೇಳ್ಬೇಡಿ ಸರ್” ಎಂದಳು. “ಮರ್ಯಾದೆ ಕೊಟ್ರು ಅನ್ನೋದೊಂದೇ ಈಗ ಅವ್ರಿಗೆ ಸಮಾಧಾನ. ಅದನ್ನೂ ಕಿತ್ಕೋಬೇಡಿ.”

ಮೇಷ್ಟ್ರು ತಲೆಯಾಡಿಸಿದರು. ಕ್ಷಮೆ ಕೇಳುವ ದಾರಿ ಅಲ್ಲಿಗೆ ಮುಚ್ಚಿತು... ಶುಕ್ರವಾರದ ಕಚೇರಿ ಮತ್ತೆ ನಡೆಯಲಿಲ್ಲ. ಮುಂದಿನ ವರ್ಷಗಳ ವಿದ್ಯಾರ್ಥಿಗಳಿಗೆ ಅವರು ಮೊದಲ ದಿನವೇ ಹೇಳುತ್ತಿದ್ದ ಮಾತು: “ಬಂದವರನ್ನು ಏನು ವಿಷಯ ಎಂದು ಕೇಳಿ. ಕುರ್ಚಿ ಆಮೇಲೆ.” ಯಾಕೆಂದು ವಿವರಿಸುತ್ತಿರಲಿಲ್ಲವಂತೆ.

ನಾನು ಪತ್ರಿಕೆಗೆ ಸೇರಿದೆ. ಹೋದ ವರ್ಷ ಅವರ ನಿಧನದ ಸುದ್ದಿ ನನ್ನ ಮೇಜಿಗೇ ಬಂತು. ವಯಸ್ಸು, ಕುಟುಂಬ, ಅಂತ್ಯಕ್ರಿಯೆಯ ಸ್ಥಳ. ಎಲ್ಲರದ್ದನ್ನೂ ತಿದ್ದುವಂತೆ ತಿದ್ದಿ ಪುಟಕ್ಕೆ ಕಳಿಸಿದೆ.

ಮರುದಿನ ಅಂತಿಮ ದರ್ಶನಕ್ಕೆ ಹೋದಾಗ ಆ ತಂದೆಯೂ ಬಂದಿದ್ದರು. ಪತ್ರಿಕೆಯಲ್ಲಿ ಫೋಟೋ ನೋಡಿ, ಒಬ್ಬರೇ ಬಸ್ಸು ಹತ್ತಿದ್ದರಂತೆ. ಕೈಯಲ್ಲಿ ಸೇವಂತಿಗೆ ಹಾರ. ಅದನ್ನು ಹಾಕಿ, ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. “ದೇವ್ರಂಥೋರು” ಎಂದು ನನ್ನ ಕಡೆ ತಿರುಗಿದರು.

ಹೌದು ಎಂದೆ. ಅದು ಸುಳ್ಳಲ್ಲ. ಆ ತಂದೆಗೆ ಹೇಳಬೇಕಾದದ್ದನ್ನು ಹೊತ್ತು ಬದುಕಿದವರು ಈಗಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದವರು ಜನ್ನಾಪುರದಲ್ಲಿ ಇನ್ನೂ ಇದ್ದಾರೆ.