ಎಸಿ ನೀರು ಕುಡಿದ ಗಿಡ

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಭಟ್ಕಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಳೆಗಾಲ ಮುಗಿಯುತ್ತ ಬಂದಾಗ ಒಂದು ಸಂಜೆ ತೂತುತೂತಾದ ಜಂಬಿಟ್ಟಿಗೆಯ ಚಿರೆಕಲ್ಲಿನ ಗುಡ್ಡ ಹತ್ತಿದವಳಿಗೆ, ನೀರು ಜಿನುಗುವ ಜಾಗದಲ್ಲಿ ಕಾಸಿನಗಲದ ಕೆಂಪು ಗಿಡಗಳು ಕಂಡವು. ಎಲೆಯ ತುಂಬ ಕೂದಲು, ಕೂದಲ ತುದಿಗೆ ಅಂಟಿನ ಹನಿ, ಒಂದರಲ್ಲಿ ಸಿಕ್ಕಿಬಿದ್ದ ಇರುವೆ. ಪುಸ್ತಕದ ಚಿತ್ರ ತೋರಿಸಿ ಪಾಠ ಮಾಡುತ್ತಿದ್ದ ಕೀಟಾಹಾರಿ ಸಸ್ಯ ನನ್ನ ಚಪ್ಪಲಿಯ ಪಕ್ಕದಲ್ಲೇ ಬೆಳೆದಿತ್ತು.

ಒಂದು ಹಿಡಿ ಮಣ್ಣಿನ ಸಮೇತ ಎರಡು ಗಿಡ ಕಿತ್ತು ಮನೆಗೆ ತಂದೆ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು.

"ಎಂತದು ಇದು, ಪಾಚಿಯಾ?"

"ನೊಣ, ಇರುವೆ ತಿನ್ನೋ ಗಿಡ ಅತ್ತೆ."

"ಹಾಗಾದ್ರೆ ನಮ್ಮ ಜಾತಿಯದೇ ಆತು" ಎಂದು ನಕ್ಕು, ಮೀನಿನ ಸಾರಿಗೆಂದು ಇಟ್ಟಿದ್ದ ಒಣಸಿಗಡಿಯ ಚೂರೊಂದನ್ನು ಎಲೆಯ ಮೇಲಿಟ್ಟರು. ಅದರ ಮೇಲೆ ಪ್ರೀತಿಯಿಂದ ಸಗಣಿ ಗೊಬ್ಬರ, ಬಾವಿಯ ನೀರು. ವಾರದೊಳಗೆ ಗಿಡ ಕರಿದ ಸಂಡಿಗೆಯ ಹಾಗಾಯಿತು.

ಆಮೇಲೆ ಓದಿ ತಿಳಿದುಕೊಂಡೆ: ಇದಕ್ಕೆ ಗೊಬ್ಬರ ವಿಷ. ನಮ್ಮ ಬಾವಿಯ ಸವಳು ನೀರೂ ವಿಷ. ಮಳೆನೀರೇ ಬೇಕು. ಮತ್ತೆ ಗುಡ್ಡಕ್ಕೆ ಹೋಗಿ ಇನ್ನೆರಡು ಗಿಡ ತಂದು, ಚಿರೆಕಲ್ಲಿನ ಪುಡಿ ತುಂಬಿದ ಚಟ್ಟಿಯಲ್ಲಿ ನೆಟ್ಟು, ಚಟ್ಟಿಯನ್ನು ನೀರಿನ ತಟ್ಟೆಯಲ್ಲಿಟ್ಟೆ. ಕೊನೆಯ ಮಳೆಗಳ ನೀರನ್ನು ಕೊಡಪಾನಗಳಲ್ಲಿ ಹಿಡಿದಿಟ್ಟೆ. ಚಳಿಗಾಲ ಕಳೆಯುವ ಹೊತ್ತಿಗೆ ಕೊಡಪಾನಗಳ ತಳ ಕಂಡಿತು. ಗುಡ್ಡದ ಮೇಲಿನ ಗಿಡಗಳೆಲ್ಲ ಒಣಗಿ, ಕಲ್ಲು ಕಾದ ಕಾವಲಿಯಾಗಿತ್ತು. ಮುಂದಿನ ಮಳೆಗೆ ಇನ್ನೂ ತಿಂಗಳುಗಟ್ಟಲೆ ಇತ್ತು.

ಪಕ್ಕದ ಮನೆಯಾಕೆಯನ್ನು ನಾನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಅವರ ಗಂಡ ದುಬೈನಲ್ಲಿದ್ದರು. ಆ ವರ್ಷ ಅವರ ಮನೆಗೆ ಎಸಿ ಬಂದಿತ್ತು. ಅದರ ನೀರು ನಳಿಕೆಯಿಂದ ನಮ್ಮ ಕಂಪೌಂಡಿನ ಗೋಡೆಗೆ ತೊಟ್ಟಿಕ್ಕುತ್ತಿತ್ತು. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ತಟ್ಟನೆ ಹೊಳೆಯಿತು: ಇದು ಗಾಳಿಯ ತೇವವೇ ತಣ್ಣಗಾಗಿ ಇಳಿದ ನೀರು, ಉಪ್ಪಿಲ್ಲ, ಸುಣ್ಣವಿಲ್ಲ. ಗೋಡೆಯಾಚೆಗೆ ಕೂಗಿ ಕೇಳಿದೆ.

"ಆಪಾ, ನಿಮ್ಮ ಎಸಿಯ ನೀರು ನನಗೆ ಬೇಕಿತ್ತು."

"ಗೋಡೆ ಒದ್ದೆಯಾಗ್ತದೆ ಅಂತ ಬೈಲಿಕ್ಕೆ ಬಂದ್ರಿ ಅಂದ್ಕೊಂಡೆ" ಎಂದು ಅವರು ನಕ್ಕರು. "ಬಕೆಟ್ ಇಡ್ತೇನೆ. ಆದ್ರೆ ಯಾಕೆ ಅಂತ ತೋರಿಸ್ಬೇಕು."

ಬಂದು ಚಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅತ್ತೆ ಕೈಯಲ್ಲಿ ಹೊಡೆದ ಸೊಳ್ಳೆಯೊಂದನ್ನು ಎಲೆಗೆ ಅಂಟಿಸಿದರು. ಅಂಚಿನ ಕೂದಲುಗಳು ಮೆಲ್ಲಗೆ ಒಳಕ್ಕೆ ಬಾಗಿ ಸೊಳ್ಳೆಯನ್ನು ತಬ್ಬಿಕೊಂಡವು. ಆಪಾ ಬಾಯಿಗೆ ಸೆರಗು ಒತ್ತಿಕೊಂಡು, "ಯಾ ಅಲ್ಲಾ, ಇದಕ್ಕೆ ಜೀವ ಉಂಟು" ಎಂದರು. ಗಿಡಕ್ಕೆ ಜೀವವಿರುವುದನ್ನು ನಾನು ಎಷ್ಟೋ ಮಕ್ಕಳಿಗೆ ಕಲಿಸಿದ್ದೆ. ಯಾರೂ ಇಷ್ಟು ಬೆರಗಿನಿಂದ ಹೇಳಿರಲಿಲ್ಲ.

ಆಮೇಲೆ ಬೇಸಿಗೆಯೆಲ್ಲ ನಮಗೆ ಅದೇ ಹಬ್ಬ. ಸಂಜೆ ಬಕೆಟ್ ಗೋಡೆ ದಾಟಿ ಬರುತ್ತಿತ್ತು. ಹಗಲು ಕರೆಂಟು ಹೋದರೆ ಮೂವರಿಗೂ ಚಿಂತೆ. ಒಂದು ದಿನ ಆಪಾ ಹೇಳಿದರು: "ಇವತ್ತು ನನಗೇ ಚಳಿ ಆಗ್ತಿತ್ತು ಟೀಚರ್. ನಿಮ್ಮ ಗಿಡಕ್ಕೋಸ್ಕರ ಎಸಿ ಹಾಕಿ, ಹೊದ್ಕೊಂಡು ಮಲಗಿದೆ."

ಸೆಕೆ ಏರುತ್ತಿದ್ದಂತೆ ಗಿಡಗಳೆರಡೂ ಉದ್ದ ದಂಟು ಬಿಟ್ಟು ಬಿಳಿ ಹೂವಾದವು. ಹೂವಾದ ಮೇಲೆ ಒಂದೊಂದೇ ಎಲೆ ಬಾಡಿ ಒಣಗಿಹೋದವು. ನೀರು ಸಾಕಾಗಲಿಲ್ಲವೇನೋ ಎಂದು ನನಗೆ ಅಳುವೇ ಬಂತು. ಚಟ್ಟಿ ಚೆಲ್ಲಲು ಹೊರಟಾಗ ಅತ್ತೆ ತಡೆದರು.

"ಭತ್ತದ ಗಿಡ ಒಣಗಿದ್ರೆ ಅಳ್ತಾರಾ? ಬೀಜ ಉದುರಿರ್ತದೆ, ಇರ್ಲಿ ಬಿಡು."

ನನಗೆ ಅಷ್ಟು ನಂಬಿಕೆ ಇರಲಿಲ್ಲ. ಆದರೂ ತಟ್ಟೆಗೆ ನೀರು ಹಾಕುತ್ತಲೇ ಇದ್ದೆವು. ಮೇ ತಿಂಗಳ ಒಂದು ಬೆಳಿಗ್ಗೆ, ಹೊರಗೆ ಹುಲ್ಲೂ ಹಸಿರಿಲ್ಲದ ಹೊತ್ತಿನಲ್ಲಿ, ಚಿರೆಕಲ್ಲಿನ ಪುಡಿಯ ಮೇಲೆ ಸಾಸಿವೆಗಿಂತ ಸಣ್ಣ ಮೊಳಕೆಗಳು ಕಂಡವು. ಪ್ರತಿಯೊಂದಕ್ಕೂ ಆಗಲೇ ಕೆಂಪು ಕೂದಲು, ಕೂದಲ ತುದಿಗೆ ಹನಿ. ಎಣಿಸಲು ಹೋಗಿ ಮೂವರೂ ಸೋತೆವು.

ಮೊದಲ ಮಳೆ ಬಿದ್ದ ಮೇಲೆ ಮೊಳಕೆಗಳನ್ನು ಪಾಲು ಮಾಡಿಕೊಂಡೆವು. ಆಪಾ ತಮ್ಮ ಪಾಲನ್ನು ಗಾಜಿನ ಬಟ್ಟಲಲ್ಲಿ ಹೊತ್ತುಕೊಂಡು, ಜಾರುವ ಅಂಗಳದಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಮನೆಗೆ ಹೋದರು. ಹಿಂದೆಯೇ ಅತ್ತೆ ಕೊಡೆ ಹಿಡಿದು ನಡೆದರು, ಆಪಾ ನೆನೆಯದ ಹಾಗಲ್ಲ, ಬಟ್ಟಲು ತುಂಬಿ ಹರಿಯದ ಹಾಗೆ.